ವೈ-ಫೈ ಎಚ್ಚರಿಕೆ ಹೊರಗಷ್ಟೇ ಸಾಲದು, ಮನೆಯ ರೂಟರಿಗೂ ಬೇಕು

ಮಾನ್ಯ ಸಂಪಾದಕರೇ,

ವೈ-ಫೈ ಸುರಕ್ಷತೆಯ ಬಗ್ಗೆ ಪತ್ರಿಕೆಗಳಲ್ಲಿ ಬರುವ ಸಲಹೆ ಸಾಮಾನ್ಯವಾಗಿ ಎರಡು ಮಾತಿನಲ್ಲಿ ಮುಗಿಯುತ್ತದೆ: ಸಾರ್ವಜನಿಕ ವೈ-ಫೈ ಬಳಸಬೇಡಿ, ಬಳಸಲೇಬೇಕಾದರೆ ವಿಪಿಎನ್ (ಡೇಟಾವನ್ನು ಮುಚ್ಚಿದ ಕೊಳವೆಯಲ್ಲಿ ಕಳಿಸುವ ಸೇವೆ) ಹಾಕಿಕೊಳ್ಳಿ. ಈ ಸಲಹೆ ಸುಳ್ಳಲ್ಲ, ಆದರೆ ಹಳತು. ನಿಲ್ದಾಣದಲ್ಲಿ ಹತ್ತು ನಿಮಿಷ ಬಳಸುವ ವೈ-ಫೈಗೆ ಹೆದರುವವರೇ, ಮನೆಯ ಮೂಲೆಯಲ್ಲಿ ಹಗಲೂ ರಾತ್ರಿ ಮಿನುಗುತ್ತಿರುವ ರೂಟರಿನ ಸೆಟ್ಟಿಂಗ್ಸನ್ನು ಅದನ್ನು ತಂದ ದಿನದಿಂದ ಒಮ್ಮೆಯೂ ತೆರೆದು ನೋಡಿರುವುದಿಲ್ಲ. ಹೆದರಿಕೆ ಇರಬೇಕಾದ ಕಡೆ ಇಲ್ಲ, ಇಷ್ಟು ಬೇಡದ ಕಡೆ ಇದೆ. ಅದಕ್ಕಾಗಿ ಈ ಪತ್ರ.

ಹಳೆಯ ಸಲಹೆ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡಬೇಕು. 2010ರ ಅಕ್ಟೋಬರಿನಲ್ಲಿ ಎರಿಕ್ ಬಟ್ಲರ್ ಎಂಬ ತಂತ್ರಜ್ಞರು ಫೈರ್‌ಫಾಕ್ಸ್ ಬ್ರೌಸರಿಗೆ ಫೈರ್‌ಶೀಪ್ ಎಂಬ ಪುಟ್ಟ ಜೋಡಣೆಯೊಂದನ್ನು ಬಿಡುಗಡೆ ಮಾಡಿದರು. ಪಾಸ್‌ವರ್ಡ್ ಇಲ್ಲದ ವೈ-ಫೈನಲ್ಲಿ ಕೂತು ಅದನ್ನು ಚಾಲೂ ಮಾಡಿದರೆ, ಅದೇ ಜಾಲದಲ್ಲಿದ್ದ ಇತರರ ಫೇಸ್‌ಬುಕ್, ಟ್ವಿಟರ್ ಖಾತೆಗಳೊಳಗೆ ಒಂದು ಕ್ಲಿಕ್‌ನಲ್ಲಿ ಹೋಗಬಹುದಿತ್ತು. ಆಗ ಬಹುಪಾಲು ತಾಣಗಳು ಲಾಗಿನ್ ಪುಟವನ್ನು ಮಾತ್ರ ಗೂಢಲಿಪಿಯಲ್ಲಿ ಕಳಿಸಿ, ಆಮೇಲಿನ ಎಲ್ಲವನ್ನೂ ತೆರೆದ ಅಂಚೆ ಕಾರ್ಡಿನ ಹಾಗೆ ಬಿಡುತ್ತಿದ್ದವು. ಆ ದೋಷವನ್ನು ಎಲ್ಲರ ಕಣ್ಣಿಗೆ ಕಾಣುವಂತೆ ಮಾಡುವುದೇ ಬಟ್ಲರ್ ಅವರ ಉದ್ದೇಶವಾಗಿತ್ತು. ನಂತರದ ವರ್ಷಗಳಲ್ಲಿ ದೊಡ್ಡ ತಾಣಗಳೆಲ್ಲ ಪೂರ್ತಿಯಾಗಿ, ಎಲ್ಲವನ್ನೂ ಗೂಢಲಿಪಿಯಲ್ಲಿ ಕಳಿಸುವ ಎಚ್‌ಟಿಟಿಪಿಎಸ್‌ಗೆ ಬದಲಾದವು. 2015ರಿಂದ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಅದಕ್ಕೆ ಬೇಕಾದ ಸರ್ಟಿಫಿಕೇಟನ್ನು (ತಾಣ ಅಸಲಿ ಎಂದು ಬ್ರೌಸರಿಗೆ ತೋರಿಸುವ ಗುರುತುಪತ್ರ) ಉಚಿತವಾಗಿ ಕೊಡಲು ಶುರು ಮಾಡಿದ ಮೇಲೆ ಸಣ್ಣ ತಾಣಗಳೂ ಬಂದವು. ಇವತ್ತು ಪಕ್ಕದ ಮೇಜಿನಲ್ಲಿ ಕೂತು ಗಾಳಿಯಲ್ಲಿ ಹಾರುವುದನ್ನು ಹಿಡಿಯುವವನಿಗೆ ನೀವು ಯಾವ ತಾಣಕ್ಕೆ ಹೋದಿರಿ, ಯಾವಾಗ, ಎಷ್ಟು ಡೇಟಾ ಎಂಬುದು ಸಿಕ್ಕೀತು. ಪುಟದೊಳಗಿನ ಬರಹ, ಪಾಸ್‌ವರ್ಡ್, ಸಂದೇಶ ಸಿಗುವುದಿಲ್ಲ.

ಹಾಗಾದರೆ ಸಾರ್ವಜನಿಕ ವೈ-ಫೈನಲ್ಲಿ ಅಪಾಯವೇ ಇಲ್ಲವೇ? ಇದೆ. ಆದರೆ ಇಂದು ಅದು ಬರುವುದು ಹೆಚ್ಚಾಗಿ ಬಳಸುವವರ ಒಪ್ಪಿಗೆಯ ಮೂಲಕವೇ.

ಮೊದಲನೆಯದು ಸರ್ಟಿಫಿಕೇಟ್ ಎಚ್ಚರಿಕೆ. ನಡುವೆ ಯಾರಾದರೂ ಕೈ ಹಾಕಿ ನಕಲಿ ಪುಟ ತೋರಿಸಲು ನೋಡಿದರೆ ಬ್ರೌಸರ್ 'ಈ ಸಂಪರ್ಕ ಖಾಸಗಿಯಲ್ಲ' ಎಂದು ತಡೆಯುತ್ತದೆ. ತೊಂದರೆ ಏನೆಂದರೆ, ಹೋಟೆಲ್, ವಿಮಾನ ನಿಲ್ದಾಣಗಳ ಲಾಗಿನ್ ಪುಟಗಳೂ ಇದೇ ಎಚ್ಚರಿಕೆಯನ್ನು ಎಬ್ಬಿಸುತ್ತವೆ. ನೀವು ಕೇಳಿದ ತಾಣದ ಬದಲು ತಮ್ಮ ಪುಟವನ್ನು ತೂರಿಸಲು ಅವೂ ನಡುವೆ ಕೈ ಹಾಕುತ್ತವೆ. ಇದರಿಂದ ಜನ 'ಪರವಾಗಿಲ್ಲ, ಮುಂದುವರಿ' ಒತ್ತುವುದನ್ನು ರೂಢಿ ಮಾಡಿಕೊಂಡುಬಿಟ್ಟಿದ್ದಾರೆ. ಆ ರೂಢಿಯೇ ನಿಜವಾದ ಕಳ್ಳನಿಗೂ ಬಾಗಿಲು ತೆರೆಯುತ್ತದೆ. ಲಾಗಿನ್ ಪುಟ ತಾನಾಗಿ ಬರದಿದ್ದರೆ ಬ್ಯಾಂಕಿನ ಅಥವಾ ಇಮೇಲಿನ ತಾಣ ತೆರೆದು ಒದ್ದಾಡಬೇಡಿ. ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ (neverssl.com) ಎಂಬ ತಾಣವನ್ನು ಬೇಕೆಂದೇ ಗೂಢಲಿಪಿ ಇಲ್ಲದೆ ಇಟ್ಟಿದ್ದಾರೆ. ಅದನ್ನು ತೆರೆದರೆ ಲಾಗಿನ್ ಪುಟ ಸರ್ಟಿಫಿಕೇಟ್ ಎಚ್ಚರಿಕೆ ಇಲ್ಲದೆ ಬರುತ್ತದೆ. ಲಾಗಿನ್ ಮುಗಿದ ಮೇಲೂ ಎಚ್ಚರಿಕೆ ಕಂಡರೆ ಆ ಜಾಲವನ್ನು ಅಲ್ಲಿಗೇ ಬಿಡಿ. ಇದರಲ್ಲಿ ರಾಜಿ ಬೇಡ.

ಜತೆಗೆ ಬ್ರೌಸರಿನಲ್ಲಿ ಒಂದು ಸ್ವಿಚ್ ಹಾಕಿಡಿ. ಫೈರ್‌ಫಾಕ್ಸ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯುರಿಟಿಯೊಳಗೆ 'ಎಚ್‌ಟಿಟಿಪಿಎಸ್-ಓನ್ಲಿ ಮೋಡ್' ಇದೆ. ಕ್ರೋಮ್‌ನಲ್ಲಿ ಅದರ ಹೆಸರು 'ಆಲ್ವೇಸ್ ಯೂಸ್ ಸೆಕ್ಯೂರ್ ಕನೆಕ್ಷನ್ಸ್'. ಗೂಢಲಿಪಿ ಇಲ್ಲದ ಪುಟಕ್ಕೆ ಹೋಗುವ ಮುನ್ನ ಬ್ರೌಸರ್ ನಿಮ್ಮನ್ನು ಕೇಳುತ್ತದೆ. ಮೇಲೆ ಹೇಳಿದ neverssl.com ತೆರೆಯುವಾಗಲೂ ಕೇಳೀತು, ಅದೊಂದಕ್ಕೆ ಒಪ್ಪಬಹುದು.

ಎರಡನೆಯದು ನಕಲಿ ಜಾಲ. ಫೋನು ಒಂದು ವೈ-ಫೈಯನ್ನು ನೆನಪಿಡುವುದು ಮುಖ್ಯವಾಗಿ ಹೆಸರಿನಿಂದ. ಪಾಸ್‌ವರ್ಡ್ ಇಲ್ಲದ ಜಾಲವೊಂದಕ್ಕೆ ಹಿಂದೆ ಸೇರಿದ್ದರೆ, ಅದೇ ಹೆಸರಿನಲ್ಲಿ ಯಾರು ಎಲ್ಲಿ ಜಾಲ ಎಬ್ಬಿಸಿದರೂ ಫೋನು ಜೇಬಿನಲ್ಲಿದ್ದುಕೊಂಡೇ ಸೇರಿಕೊಳ್ಳುತ್ತದೆ. ಪಾಸ್‌ವರ್ಡ್ ಇರುವ ಜಾಲವನ್ನು ಹೀಗೆ ನಕಲು ಮಾಡುವುದು ಕಷ್ಟ, ಏಕೆಂದರೆ ಪಾಸ್‌ವರ್ಡ್ ಗೊತ್ತಿದೆ ಎಂದು ಎರಡೂ ಕಡೆಯವರು ತೋರಿಸಬೇಕು. ಆದರೆ ಪಾಸ್‌ವರ್ಡನ್ನು ಗೋಡೆಯ ಮೇಲೆ ಬರೆದು ಹಾಕಿದ್ದರೆ ಅದು ಕಳ್ಳನಿಗೂ ಗೊತ್ತು. ಇಲ್ಲಿ ಇನ್ನೊಂದು ಮಾತು: ಡಬ್ಲ್ಯುಪಿಎ2 (ವೈ-ಫೈಗೆ ಹಾಕುವ ಗೂಢಲಿಪಿ ವಿಧಾನ) ಇರುವ ಜಾಲದಲ್ಲಿ ಪಾಸ್‌ವರ್ಡ್ ಗೊತ್ತಿರುವವನು, ನಿಮ್ಮ ಫೋನು ಸೇರುವ ಕ್ಷಣವನ್ನು ಹಿಡಿದಿದ್ದರೆ, ವೈ-ಫೈ ಮಟ್ಟದ ಗೂಢಲಿಪಿಯನ್ನು ಬಿಡಿಸಬಲ್ಲ. ಬೀಗದ ಗುರುತು ಕಂಡ ಮಾತ್ರಕ್ಕೆ ಹತ್ತಾರು ಜನರ ಹಂಚಿಕೆಯ ಜಾಲ ಖಾಸಗಿಯಾಗುವುದಿಲ್ಲ. ಅದರ ನಂತರ ಬಂದ ಡಬ್ಲ್ಯುಪಿಎ3ರಲ್ಲಿ ಹಾಗೆ ಕದ್ದು ಕೇಳಲಾಗದು.

ಪರಿಹಾರ ಸುಲಭ: ಕೆಲಸ ಮುಗಿದ ಮೇಲೆ ಜಾಲವನ್ನು ಮರೆಸಿ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ವೈ-ಫೈ ಭಾಗದಲ್ಲಿ 'ಸೇವ್ಡ್ ನೆಟ್‌ವರ್ಕ್ಸ್' ತೆರೆದು, ಬೇಡದ ಹೆಸರನ್ನು ಒತ್ತಿ 'ಫರ್ಗೆಟ್' ಕೊಡಿ. ಐಫೋನಿನಲ್ಲಿ, ಐಓಎಸ್ 16ರಿಂದ ಈಚೆಗೆ, ವೈ-ಫೈ ಪುಟದ ಮೇಲಿನ 'ಎಡಿಟ್' ಒತ್ತಿದರೆ ಹಿಂದೆ ಸೇರಿದ ಜಾಲಗಳ ಪೂರ್ತಿ ಪಟ್ಟಿ ಬರುತ್ತದೆ. ವಿಂಡೋಸ್‌ನಲ್ಲಿ ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್, ವೈ-ಫೈ, 'ಮ್ಯಾನೇಜ್ ನೋನ್ ನೆಟ್‌ವರ್ಕ್ಸ್'. ಪ್ರತಿ ಸಲ ಹೋಗುವ ಜಾಗವಾದರೆ ಮರೆಸುವ ಬದಲು ಆ ಜಾಲದ 'ಆಟೋ ಜಾಯಿನ್' ಆಫ್ ಮಾಡಿದರೂ ಸಾಕು. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಹೊರಗಿನ ಜಾಲವನ್ನು ಯಾವಾಗಲೂ 'ಪಬ್ಲಿಕ್' ಎಂದೇ ಇಡಿ. 'ಪ್ರೈವೇಟ್' ಎಂದರೆ ನಿಮ್ಮ ಕಂಪ್ಯೂಟರ್ ಸುತ್ತಲಿನವರ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ, ಹಂಚಿಟ್ಟ ಫೋಲ್ಡರ್‌ಗಳಿದ್ದರೆ ಅವೂ ಕಾಣಬಹುದು.

ಮೂರನೆಯದು ಲಾಗಿನ್ ಪುಟವೇ. ಫೋನ್ ನಂಬರ್ ಮತ್ತು ಒಟಿಪಿ ಕೇಳುವುದು ಮಾಮೂಲು. ಆದರೆ ಇಮೇಲ್ ಖಾತೆಯ ಪಾಸ್‌ವರ್ಡನ್ನಾಗಲಿ ಕಾರ್ಡಿನ ಪಿನ್‌ ಅನ್ನಾಗಲಿ ಕೇಳುವ ವೈ-ಫೈ ಪುಟ ಎಂದರೆ ಅದು ಬಲೆ. ಆ್ಯಪ್, ಪ್ರೊಫೈಲ್ ಅಥವಾ ಸರ್ಟಿಫಿಕೇಟ್ ಹಾಕಿಕೊಳ್ಳಿ ಎಂದರೂ ಹಿಂದೆ ಸರಿಯಿರಿ. ಹೊರಗಿನವರ ರೂಟ್ ಸರ್ಟಿಫಿಕೇಟನ್ನು (ಬೇರೆ ಸರ್ಟಿಫಿಕೇಟುಗಳಿಗೆ ಸಹಿ ಹಾಕುವ ಮೂಲ ಸರ್ಟಿಫಿಕೇಟ್) ಫೋನು ಒಪ್ಪಿಕೊಂಡರೆ, ಅವರು ಯಾವ ತಾಣದ ಹೆಸರಿನಲ್ಲಿ ಬೇಕಾದರೂ ಪುಟ ಕಟ್ಟಿ ತೋರಿಸಬಹುದು. ಬ್ರೌಸರ್ ಬಾಯಿ ಬಿಡುವುದಿಲ್ಲ.

ವಿಪಿಎನ್ ಬಗ್ಗೆ ಚಿಕ್ಕದಾಗಿ. ಅದು ನಿಮ್ಮ ಫೋನಿನಿಂದ ವಿಪಿಎನ್ ಕಂಪನಿಯವರೆಗೆ ಒಂದು ಮುಚ್ಚಿದ ಕೊಳವೆ. ಹೋಟೆಲಿನವನಿಗೆ ಕಾಣುತ್ತಿದ್ದ ತಾಣಗಳ ಹೆಸರು ಈಗ ವಿಪಿಎನ್‌ನವನಿಗೆ ಕಾಣುತ್ತದೆ, ಅಷ್ಟೇ. ನಂಬಿಕೆ ಒಬ್ಬರಿಂದ ಇನ್ನೊಬ್ಬರಿಗೆ ಹೋಯಿತೇ ಹೊರತು ಮಾಯವಾಗಲಿಲ್ಲ. ಯಾರು, ಹೇಗೆ ದುಡಿಯುತ್ತಾರೆ ಎಂದು ಗೊತ್ತಿಲ್ಲದ ಉಚಿತ ವಿಪಿಎನ್‌ಗಿಂತ ವಿಪಿಎನ್ ಇಲ್ಲದ ಎಚ್‌ಟಿಟಿಪಿಎಸ್ ಮೇಲು. ನಕಲಿ ಬ್ಯಾಂಕ್ ಪುಟಕ್ಕೆ ನೀವೇ ಪಾಸ್‌ವರ್ಡ್ ಕೊಟ್ಟರೆ ಯಾವ ವಿಪಿಎನ್ ಕೂಡ ತಡೆಯದು. ಒಳ್ಳೆಯ ವಿಪಿಎನ್ ಇದ್ದರೆ ಬಳಸುವ ಕ್ರಮ ಹೀಗೆ: ಮೊದಲು ವೈ-ಫೈ ಸೇರಿ, ಲಾಗಿನ್ ಪುಟ ಮುಗಿಸಿ, ಆಮೇಲೆ ವಿಪಿಎನ್ ಹಾಕಿ. ತಿರುಗಾಮುರುಗಾ ಮಾಡಿದರೆ ಲಾಗಿನ್ ಪುಟ ಬರುವುದೇ ಇಲ್ಲ. ಆಂಡ್ರಾಯ್ಡ್‌ನ ವಿಪಿಎನ್ ಸೆಟ್ಟಿಂಗ್ಸ್‌ನಲ್ಲಿ 'ಬ್ಲಾಕ್ ಕನೆಕ್ಷನ್ಸ್ ವಿದೌಟ್ ವಿಪಿಎನ್' ಎಂಬ ಆಯ್ಕೆ ಇದೆ. ಕೊಳವೆ ಮುರಿದ ಕ್ಷಣ ಎಲ್ಲವೂ ನಿಲ್ಲಬೇಕು ಎನ್ನುವವರಿಗೆ ಅದು ಬೇಕು. ಹಣದ ವ್ಯವಹಾರಕ್ಕೆ ಮಾತ್ರ ಇದೆಲ್ಲ ಲೆಕ್ಕಾಚಾರವೇ ಬೇಡ: ವೈ-ಫೈ ಆಫ್ ಮಾಡಿ ಮೊಬೈಲ್ ಡೇಟಾ ಬಳಸಿ. ಲ್ಯಾಪ್‌ಟಾಪಿಗೆ ಫೋನಿನ ಹಾಟ್‌ಸ್ಪಾಟ್ ಕೊಡಿ.

ಈಗ ಮನೆಗೆ ಬರೋಣ. ಈ ಪತ್ರದ ಮುಖ್ಯ ವಿಷಯ ಇದೇ.

ಮನೆಯ ರೂಟರಿಗೆ ಎರಡು ಪಾಸ್‌ವರ್ಡ್ ಇರುತ್ತವೆ. ಒಂದು ವೈ-ಫೈ ಸೇರಲು. ಇನ್ನೊಂದು ರೂಟರಿನ ಸೆಟ್ಟಿಂಗ್ಸ್‌ ಒಳಗೆ ಹೋಗಲು. ಜನ ಮೊದಲನೆಯದನ್ನು ಬದಲಿಸುತ್ತಾರೆ, ಎರಡನೆಯದು ಕಾರ್ಖಾನೆಯಿಂದ ಬಂದ 'ಅಡ್ಮಿನ್', 'ಅಡ್ಮಿನ್' ಆಗಿಯೇ ಉಳಿಯುತ್ತದೆ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲಿಗೆ ಅಗುಳಿಯನ್ನೂ ಹಾಕದ ಹಾಗೆ ಇದು. 2016ರಲ್ಲಿ ಹರಡಿದ ಮಿರಾಯ್ ಎಂಬ ಕುತಂತ್ರಾಂಶ ಬೇರೇನೂ ಜಾಣತನ ಮಾಡಲಿಲ್ಲ. ಸುಮಾರು 60 ಕಾರ್ಖಾನೆ ಪಾಸ್‌ವರ್ಡ್‌ಗಳ ಪಟ್ಟಿ ಹಿಡಿದು ಇಂಟರ್ನೆಟ್ಟಿನ ಕ್ಯಾಮೆರಾ, ರೂಟರುಗಳ ಬಾಗಿಲು ತಟ್ಟುತ್ತಾ ಹೋಯಿತು. ಹಾಗೆ ವಶವಾದ ಸಾಧನಗಳ ದಂಡು 2016ರ ಅಕ್ಟೋಬರ್ 21ರಂದು ಡೈನ್ ಎಂಬ ಡಿಎನ್‌ಎಸ್ (ತಾಣದ ಹೆಸರು ಕೊಟ್ಟರೆ ಅದರ ಅಂಕಿ ವಿಳಾಸ ಹೇಳುವ ಸೇವೆ) ಸಂಸ್ಥೆಯ ಮೇಲೆ ಬಿದ್ದು, ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಹಲವು ಕಡೆ ಗಂಟೆಗಟ್ಟಲೆ ಸಿಗದ ಹಾಗಾಯಿತು. ಆ ಸಾಧನಗಳ ಒಡೆಯರಿಗೆ ಸಾಮಾನ್ಯವಾಗಿ ಏನೂ ಗೊತ್ತಾಗಿರಲಿಲ್ಲ.

ರೂಟರಿನೊಳಗೆ ಹೋಗುವುದು ಹೀಗೆ. ಮನೆಯ ವೈ-ಫೈನಲ್ಲೇ ಇದ್ದು ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಎಂದು ಹೊಡೆಯಿರಿ. ಎರಡೂ ಬರದಿದ್ದರೆ, ವಿಂಡೋಸ್‌ನ ಕಮಾಂಡ್ ಪ್ರಾಂಪ್ಟಿನಲ್ಲಿ ಐಪಿಕಾನ್ಫಿಗ್ (ipconfig) ಆದೇಶ ಕೊಟ್ಟು 'ಡೀಫಾಲ್ಟ್ ಗೇಟ್‌ವೇ' ಸಾಲನ್ನು ನೋಡಿ. ಐಫೋನಿನಲ್ಲಿ ವೈ-ಫೈ ಹೆಸರಿನ ಪಕ್ಕದ ಐ ಗುರುತು ಒತ್ತಿದರೆ 'ರೂಟರ್' ಎಂಬಲ್ಲಿ ವಿಳಾಸ ಇರುತ್ತದೆ. ಮೊದಲ ಸಲದ ಪಾಸ್‌ವರ್ಡ್ ರೂಟರಿನ ತಳದ ಚೀಟಿಯಲ್ಲಿ ಇರುತ್ತದೆ. ಒಳಗೆ ಹೋದ ಕೂಡಲೇ ಅದನ್ನು ಬದಲಿಸಿ, ವೈ-ಫೈ ಪಾಸ್‌ವರ್ಡಿಗಿಂತ ಬೇರೆಯದನ್ನು ಇಡಿ, ಕಾಗದದಲ್ಲಿ ಬರೆದು ಮನೆಯ ಕಪಾಟಿನಲ್ಲಿ ಇಡಿ. ಪಾಸ್‌ವರ್ಡ್ ಬರೆದಿಡಬಾರದು ಎಂಬ ನಿಯಮ ಕಚೇರಿಗೆ ಸರಿ. ಮನೆಯ ಕಪಾಟಿನೊಳಗಿನ ಚೀಟಿಯನ್ನು ದೂರದ ಊರಿನ ಕಳ್ಳ ಓದಲಾರ.

ಮುಂದೆ ವೈರ್‌ಲೆಸ್ ಸೆಕ್ಯುರಿಟಿ, ಅಂದರೆ ವೈ-ಫೈಯ ಗೂಢಲಿಪಿ ವಿಧಾನವನ್ನು ಆಯ್ದುಕೊಳ್ಳುವ ಜಾಗ. 1997ರ ಡಬ್ಲ್ಯುಇಪಿ ವಿಧಾನ 2001ರಲ್ಲೇ ಮುರಿದುಬಿತ್ತು. ಪಟ್ಟಿಯಲ್ಲಿ ಅದು ಕಂಡರೂ ಮುಟ್ಟಬೇಡಿ. 2003ರ ಡಬ್ಲ್ಯುಪಿಎ ಮತ್ತು ಅದರ ಟಿಕೆಐಪಿ ಎಂಬ ಗೂಢಲಿಪಿ ತಾತ್ಕಾಲಿಕ ತೇಪೆಯಾಗಿ ಬಂದವು. 'ಡಬ್ಲ್ಯುಪಿಎ/ಡಬ್ಲ್ಯುಪಿಎ2 ಮಿಕ್ಸ್ಡ್' ಎಂಬ ಆಯ್ಕೆ ಇದ್ದರೆ ಅದನ್ನೂ ಬಿಡಿ. ಟಿಕೆಐಪಿ ಆಯ್ದರೆ ಸುರಕ್ಷತೆಯ ಜತೆಗೆ ವೇಗವೂ 54 ಎಂಬಿಪಿಎಸ್‌ಗೆ ಇಳಿಯುತ್ತದೆ, ನೆಟ್ ನಿಧಾನ ಎಂಬ ದೂರಿಗೆ ಕೆಲವೊಮ್ಮೆ ಇದೇ ಕಾರಣ. ಕನಿಷ್ಠ ಡಬ್ಲ್ಯುಪಿಎ2 ಜತೆ ಎಇಎಸ್ ಎಂಬ ಗೂಢಲಿಪಿ ಇರಲಿ. ಸಾಧ್ಯವಿದ್ದರೆ ಡಬ್ಲ್ಯುಪಿಎ3. ಹಳೆಯ ಪ್ರಿಂಟರ್, ಬಲ್ಬು, ಫೋನುಗಳು ಡಬ್ಲ್ಯುಪಿಎ3 ಮಾತ್ರ ಎಂದರೆ ಸೇರುವುದಿಲ್ಲ, ಕೆಲವಕ್ಕೆ ಜಾಲದ ಹೆಸರೇ ಕಾಣುವುದಿಲ್ಲ. ಹಾಗಾದಾಗ ರೂಟರ್ ಕೆಟ್ಟಿತೆಂದು ಎಲ್ಲವನ್ನೂ ಹಿಂದಕ್ಕೆ ತಿರುಗಿಸಬೇಡಿ. 'ಡಬ್ಲ್ಯುಪಿಎ2/ಡಬ್ಲ್ಯುಪಿಎ3' ಜೋಡಿ ಆಯ್ಕೆ ಇಡಿ.

ಡಬ್ಲ್ಯುಪಿಎ2 ಇರುವವರೆಗೆ ಎಲ್ಲವೂ ಪಾಸ್‌ವರ್ಡಿನ ಬಲದ ಮೇಲೆ ನಿಂತಿದೆ. ಕಾರಣ ಇದು: ಫೋನು ರೂಟರನ್ನು ಸೇರುವಾಗ ಎರಡರ ನಡುವೆ ನಾಲ್ಕು ಸಂದೇಶ ಓಡಾಡುತ್ತವೆ. ಮನೆಯ ಹೊರಗೆ ನಿಂತು ಅವನ್ನು ಹಿಡಿದವನು ಮನೆಗೆ ಹೋಗಿ ತನ್ನ ಕಂಪ್ಯೂಟರಿನಲ್ಲಿ ನಿಧಾನವಾಗಿ ಪಾಸ್‌ವರ್ಡುಗಳನ್ನು ಒಂದೊಂದಾಗಿ ಹಾಕಿ ನೋಡಬಹುದು. ರೂಟರಿಗೆ ಇದರ ಸುಳಿವೂ ಸಿಗದು, 'ಮೂರು ಸಲ ತಪ್ಪಾಯಿತು' ಎಂದು ತಡೆಯುವವರು ಅಲ್ಲಿಲ್ಲ. ಇಂದಿನ ಉನ್ನತ ದರ್ಜೆಯ ಒಂದು ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 10 ಲಕ್ಷಕ್ಕೂ ಹೆಚ್ಚು ಪಾಸ್‌ವರ್ಡ್ ಪರೀಕ್ಷಿಸಬಲ್ಲದು. ಲೆಕ್ಕ ಹಾಕಿ. ಹುಟ್ಟಿದ ದಿನಾಂಕದಂಥ 8 ಅಂಕಿ ಎಂದರೆ 10 ಕೋಟಿ ಸಾಧ್ಯತೆ: 100 ಸೆಕೆಂಡ್. 10 ಅಂಕಿಯ ಮೊಬೈಲ್ ನಂಬರ್ ಎಂದರೆ 1,000 ಕೋಟಿ: ಮೂರು ಗಂಟೆಗಿಂತ ಕಡಿಮೆ. ಹೆಸರಿನ ಮುಂದೆ 123 ಸೇರಿಸಿದ್ದಂತೂ ಮೊದಲ ಪಟ್ಟಿಯಲ್ಲೇ ಸಿಗುತ್ತದೆ. ಅದೇ 7,776 ಪದಗಳ ಪಟ್ಟಿಯಿಂದ ದಾಳ ಉರುಳಿಸಿ ಆರಿಸಿದ 5 ಪದಗಳಾದರೆ, ಎಲ್ಲವನ್ನೂ ಹಾಕಿ ನೋಡಲು ಅದೇ ವೇಗದಲ್ಲಿ ಸುಮಾರು 9 ಲಕ್ಷ ವರ್ಷ ಬೇಕು.

ಆದ್ದರಿಂದ ಚಿಹ್ನೆ, ಅಂಕಿಗಳ ಗೋಜಲು ಬೇಡ, ಉದ್ದ ಬೇಕು. 8ರಿಂದ 63 ಅಕ್ಷರಗಳವರೆಗೆ ಅವಕಾಶ ಇದೆ. ಕನ್ನಡ ಪದಗಳನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬಹುದು: ನವಿಲು, ಸೌದೆ, ಗಡಿಯಾರ, ಮೂಗುತಿ, ಜಾರುಬಂಡೆ, ಈ ರೀತಿ. (ಇದು ಅಚ್ಚಾಗಿಬಿಟ್ಟಿತು, ಇದನ್ನೇ ಇಡಬೇಡಿ.) ಪದಗಳನ್ನು ತಲೆಯಿಂದ ಆರಿಸಬೇಡಿ. ಮನಸ್ಸು ಯಾವಾಗಲೂ ದೇವರ ಹೆಸರು, ಮಕ್ಕಳ ಹೆಸರು, ಹಾಡಿನ ಸಾಲಿನ ಕಡೆಗೇ ಹೋಗುತ್ತದೆ. ನಿಘಂಟನ್ನು ಕಣ್ಣು ಮುಚ್ಚಿ ಐದು ಸಲ ತೆರೆದು ಬೆರಳಿಟ್ಟ ಪದ ತೆಗೆದುಕೊಳ್ಳಿ. ಜಾಲದ ಹೆಸರನ್ನೂ ಬದಲಿಸಿ, ಏಕೆಂದರೆ ಅದೂ ಈ ಲೆಕ್ಕದಲ್ಲಿ ಬೆರೆಯುತ್ತದೆ. ತೀರಾ ಸಾಮಾನ್ಯ ಹೆಸರುಗಳಿಗೆ ಮುಂಚಿತವಾಗಿಯೇ ಮಾಡಿಟ್ಟ ಕೋಷ್ಟಕಗಳಿವೆ. ಹೊಸ ಹೆಸರಿನಲ್ಲಿ ಮನೆ ನಂಬರ್, ಮನೆಯವರ ಹೆಸರು ಬೇಡ.

ಡಬ್ಲ್ಯುಪಿಎಸ್ ಎಂಬುದನ್ನು ಆಫ್ ಮಾಡಿ. ಇಷ್ಟು ಬಲವಾದ ಪಾಸ್‌ವರ್ಡ್ ಇಟ್ಟೂ ಇದೊಂದನ್ನು ಹಾಗೇ ಬಿಟ್ಟರೆ ಶ್ರಮ ವ್ಯರ್ಥ. ಸುಲಭವಾಗಿ ಸೇರಲೆಂದು ಕೊಟ್ಟ 8 ಅಂಕಿಯ ಪಿನ್ ಅದರಲ್ಲಿದೆ. ಕೊನೆಯ ಅಂಕಿ ಮೊದಲ ಏಳರಿಂದ ಲೆಕ್ಕ ಹಾಕಿದ್ದು. ಉಳಿದ ಏಳನ್ನು ರೂಟರ್ ಒಟ್ಟಿಗೆ ಪರೀಕ್ಷಿಸದೆ, ಮೊದಲ ನಾಲ್ಕು ಸರಿಯೇ, ನಂತರದ ಮೂರು ಸರಿಯೇ ಎಂದು ಬೇರೆ ಬೇರೆಯಾಗಿ ಉತ್ತರಿಸುತ್ತದೆ. ಹಾಗಾಗಿ 10,000 ಮತ್ತು 1,000, ಒಟ್ಟು 11,000 ಪ್ರಯತ್ನ ಸಾಕು. ಸ್ಟೀಫನ್ ವಿಯಬೆಕ್ ಎಂಬ ಸಂಶೋಧಕರು ಇದನ್ನು 2011ರ ಡಿಸೆಂಬರಿನಲ್ಲೇ ತೋರಿಸಿಕೊಟ್ಟರು. ಹಲವು ಗಂಟೆಗಳ ಕೆಲಸ, ಪಿನ್ ಸಿಕ್ಕಿದರೆ ವೈ-ಫೈ ಪಾಸ್‌ವರ್ಡೂ ಕೈಗೆ ಬರುತ್ತದೆ. ನಂತರದ ರೂಟರುಗಳು ಪ್ರಯತ್ನಗಳಿಗೆ ತಡೆ ಹಾಕಿದವು, ಆದರೂ ಬೇಕಿಲ್ಲದ ಬಾಗಿಲನ್ನು ತೆರೆದಿಡುವುದೇಕೆ?

'ರಿಮೋಟ್ ಮ್ಯಾನೇಜ್ಮೆಂಟ್' ಕೂಡ ಆಫ್ ಮಾಡಿ. ಹೊರಗಿನ ಇಂಟರ್ನೆಟ್ಟಿನಿಂದ ರೂಟರಿನ ಸೆಟ್ಟಿಂಗ್ಸ್ ತೆರೆಯುವ ಅಗತ್ಯ ಮನೆಗಳಿಗೆ ಇರುವುದಿಲ್ಲ. ಯುಪಿಎನ್‌ಪಿ ಬಗ್ಗೆ ಸ್ವಲ್ಪ ಯೋಚಿಸಿ: ಮನೆಯೊಳಗಿನ ಯಾವ ಸಾಧನ ಕೇಳಿದರೂ ಪಾಸ್‌ವರ್ಡ್ ಇಲ್ಲದೆ ಹೊರಗಿನವರಿಗೆ ದಾರಿ ತೆರೆಯುವ ಸೌಲಭ್ಯ ಅದು. ಆಫ್ ಮಾಡಿ ಒಂದು ವಾರ ನೋಡಿ. ಆನ್‌ಲೈನ್ ಆಟ ಕೈಕೊಟ್ಟರೆ ಆ ಒಂದು ಸಾಧನಕ್ಕೆ ಬೇಕಾದ ಪೋರ್ಟನ್ನಷ್ಟೇ (ಆ ದಾರಿಯನ್ನಷ್ಟೇ) ಕೈಯಾರೆ ತೆರೆಯಿರಿ.

ಫರ್ಮ್‌ವೇರ್ (ರೂಟರಿನೊಳಗಿನ ತಂತ್ರಾಂಶ) ಅಪ್‌ಡೇಟ್ ಕಡೆಗಣಿಸುವಂಥದ್ದಲ್ಲ. 2017ರ ಅಕ್ಟೋಬರಿನಲ್ಲಿ ಮ್ಯಾಥಿ ವಾನ್‌ಹೂಫ್ ಎಂಬ ಸಂಶೋಧಕರು ಪ್ರಕಟಿಸಿದ ಕ್ರ್ಯಾಕ್ ದಾಳಿ ಡಬ್ಲ್ಯುಪಿಎ2ರ ಸಂದೇಶ ವಿನಿಮಯದಲ್ಲೇ ಬಿರುಕು ತೋರಿಸಿತು. ಪಾಸ್‌ವರ್ಡ್ ಬದಲಿಸಿದರೆ ಅದಕ್ಕೆ ಪರಿಹಾರ ಇರಲಿಲ್ಲ, ಫೋನು, ಲ್ಯಾಪ್‌ಟಾಪ್, ರೂಟರುಗಳ ತಂತ್ರಾಂಶವನ್ನೇ ಸರಿಪಡಿಸಬೇಕಿತ್ತು. 'ಆಟೋ ಅಪ್‌ಡೇಟ್' ಇದ್ದರೆ ಹಾಕಿಬಿಡಿ. ಇಲ್ಲದಿದ್ದರೆ ಎರಡು ಮೂರು ತಿಂಗಳಿಗೊಮ್ಮೆ ತಯಾರಕರ ತಾಣದಲ್ಲಿ ಮಾಡೆಲ್ ನಂಬರ್ ಮತ್ತು ಹಾರ್ಡ್‌ವೇರ್ ವರ್ಷನ್ ಎರಡನ್ನೂ ಹೋಲಿಸಿ ಫೈಲ್ ಇಳಿಸಿಕೊಳ್ಳಿ. ಒಂದೇ ಮಾಡೆಲ್‌ನ ವಿ1, ವಿ2 ಒಳಗೆ ಬೇರೆ ಬೇರೆ ಯಂತ್ರಗಳಾಗಿರಬಹುದು, ತಪ್ಪು ಫೈಲ್ ಹಾಕಿದರೆ ರೂಟರ್ ಏಳುವುದೇ ಇಲ್ಲ. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೂ ಅದೇ ಗತಿ. ಬೆಂಬಲ ನಿಂತುಹೋದ ಮಾಡೆಲ್ ಆಗಿದ್ದರೆ ಬದಲಿಸುವುದೊಂದೇ ದಾರಿ.

ಡಿಎನ್‌ಎಸ್ ಪುಟವನ್ನೂ ಒಮ್ಮೆ ನೋಡಿ. 'ಆಟೋಮ್ಯಾಟಿಕ್' ಎಂದು ಇರಬೇಕು, ಅಥವಾ ನೀವೇ ಹಾಕಿದ 1.1.1.1, 8.8.8.8, 9.9.9.9ರಂಥ ಪರಿಚಿತ ವಿಳಾಸ. ಯಾರೂ ಹಾಕದ ಅಪರಿಚಿತ ವಿಳಾಸ ಕಂಡರೆ, ನೀವು ಕೇಳುವ ತಾಣಗಳ ದಾರಿಯನ್ನು ಬೇರೆಯವರು ತಿರುಗಿಸುತ್ತಿರಬಹುದು. ಆಗ ಆಫ್ ಮಾಡಿ ಆನ್ ಮಾಡಿದರೆ ಸಾಲದು. 2018ರಲ್ಲಿ 5 ಲಕ್ಷಕ್ಕೂ ಹೆಚ್ಚು ಸಾಧನಗಳಿಗೆ ಹತ್ತಿದ ವಿಪಿಎನ್‌ಫಿಲ್ಟರ್ ಎಂಬ ಕುತಂತ್ರಾಂಶದ ಮೊದಲ ಹಂತ, ರೂಟರನ್ನು ಆಫ್ ಮಾಡಿ ಆನ್ ಮಾಡಿದ ಮೇಲೂ ಉಳಿಯುತ್ತಿತ್ತು. ಹಿಂಬದಿಯ ಸಣ್ಣ ತೂತಿನ ರಿಸೆಟ್ ಗುಂಡಿಯನ್ನು ಪಿನ್ನಿನಿಂದ ಸುಮಾರು 10 ಸೆಕೆಂಡ್, ದೀಪಗಳೆಲ್ಲ ಒಮ್ಮೆ ಮಿನುಗುವವರೆಗೆ, ಒತ್ತಿಹಿಡಿಯಿರಿ. ಆಮೇಲೆ ಫರ್ಮ್‌ವೇರ್ ಹೊಸದು ಮಾಡಿ ಮೇಲಿನ ಎಲ್ಲ ಸೆಟ್ಟಿಂಗ್ಸನ್ನೂ ಮೊದಲಿನಿಂದ ಹಾಕಿ. ಇಂಟರ್ನೆಟ್ ಕಂಪನಿ ಕೊಟ್ಟ ಯೂಸರ್‌ನೇಮ್, ಪಾಸ್‌ವರ್ಡ್ ಇದ್ದರೆ ರಿಸೆಟ್‌ಗೆ ಮುಂಚೆಯೇ ಬರೆದಿಟ್ಟುಕೊಳ್ಳಿ, ಇಲ್ಲವಾದರೆ ಸಂಪರ್ಕ ಮರಳಿ ಬರುವುದಿಲ್ಲ.

ಗೆಸ್ಟ್ ನೆಟ್‌ವರ್ಕ್, ಅಂದರೆ ರೂಟರಿನಲ್ಲೇ ಇರುವ ಎರಡನೆಯ ಪ್ರತ್ಯೇಕ ಜಾಲ, ಅತಿಥಿಗಳಿಗಷ್ಟೇ ಅಲ್ಲ. ಅಗ್ಗದ ಕ್ಯಾಮೆರಾ, ಬಲ್ಬು, ಪ್ಲಗ್ಗುಗಳಿಗೆ ಅಪ್‌ಡೇಟ್ ಬರುವುದು ಅಪರೂಪ. ಅವನ್ನು ಅಲ್ಲಿಗೆ ಕಳಿಸಿ, 2.4 ಗಿಗಾಹರ್ಟ್ಸ್ ಗೆಸ್ಟ್ ಜಾಲ ಸಾಕು. 'ಅತಿಥಿಗಳು ಒಳಜಾಲ ನೋಡಬಹುದು' ಎಂಬ ಅರ್ಥದ ಗುರುತು ಇದ್ದರೆ ತೆಗೆಯಿರಿ. ಟಿವಿಯನ್ನೂ ಅಲ್ಲಿಗೇ ಹಾಕಿದರೆ ಫೋನಿನಿಂದ ಅದಕ್ಕೆ ಚಿತ್ರ ಕಳಿಸಲು ಆಗದು. ಆ ಸೌಲಭ್ಯ ಬೇಕಿದ್ದವರು ಟಿವಿಯನ್ನು ಮುಖ್ಯ ಜಾಲದಲ್ಲೇ ಇಟ್ಟು ಅದರ ಅಪ್‌ಡೇಟ್ ಕಡೆ ಗಮನ ಕೊಡಲಿ. ಬಂದವರಿಗೆ ಕ್ಯೂಆರ್ ಕೋಡ್ ತೋರಿಸುವುದಾದರೆ ಗೆಸ್ಟ್ ಜಾಲದ್ದನ್ನೇ ತೋರಿಸಿ. ಆ ಚೌಕದೊಳಗೆ ಪಾಸ್‌ವರ್ಡ್ ಯಾವ ಮರೆಯೂ ಇಲ್ಲದೆ ಅಕ್ಷರಶಃ ಇರುತ್ತದೆ, ಅದರ ಫೋಟೋ ತೆಗೆದವನಿಗೆ ಪಾಸ್‌ವರ್ಡೇ ಸಿಕ್ಕ ಹಾಗೆ.

ಜಾಲದ ಹೆಸರನ್ನು ಅಡಗಿಸುವುದು, ಮ್ಯಾಕ್ ಅಡ್ರೆಸ್ (ಪ್ರತಿ ಸಾಧನದ ಗುರುತು ಸಂಖ್ಯೆ) ಪಟ್ಟಿ ಮಾಡಿ ಅವಕ್ಕಷ್ಟೇ ಪ್ರವೇಶ ಕೊಡುವುದು, ಈ ಎರಡು ಸಲಹೆಗಳು ಈಗಲೂ ಓಡಾಡುತ್ತಿವೆ. ಎರಡೂ ದಂಡ. ಮ್ಯಾಕ್ ಅಡ್ರೆಸ್ ಗಾಳಿಯಲ್ಲಿ ಮುಚ್ಚುಮರೆಯಿಲ್ಲದೆ ಹೋಗುತ್ತದೆ, ಅದನ್ನು ನಕಲು ಮಾಡುವುದು ನಿಮಿಷದ ಕೆಲಸ. ಹೆಸರು ಅಡಗಿಸಿದರೆ ನಿಮ್ಮ ಫೋನೇ ಹೋದಲ್ಲೆಲ್ಲ ಆ ಹೆಸರನ್ನು ಕೂಗಿ ಕೇಳುತ್ತಾ ತಿರುಗುತ್ತದೆ.

ಕೊನೆಗೆ, ಹಳೆಯ ರೂಟರನ್ನು ಮಾರುವಾಗ, ಯಾರಿಗಾದರೂ ಕೊಡುವಾಗ ಅಥವಾ ಇಂಟರ್ನೆಟ್ ಕಂಪನಿಗೆ ಹಿಂದಿರುಗಿಸುವಾಗ ಮೇಲೆ ಹೇಳಿದ ರಿಸೆಟ್ ಮಾಡಿಯೇ ಕೊಡಿ. ವೈ-ಫೈ ಹೆಸರು, ಪಾಸ್‌ವರ್ಡ್, ಕಂಪನಿಯ ಲಾಗಿನ್ ಎಲ್ಲವೂ ಅದರೊಳಗೆ ಉಳಿದಿರುತ್ತವೆ. ಕೆಟ್ಟು ಆನ್ ಆಗದ ರೂಟರಾದರೆ ರಿಸೆಟ್ ಸಾಧ್ಯವಿಲ್ಲ, ಆದರೆ ಸರಿಪಡಿಸುವವನು ಆನ್ ಮಾಡಬಲ್ಲ. ಆಗ ಹೊಸ ರೂಟರಿಗೆ ಹಳೆಯ ಪಾಸ್‌ವರ್ಡನ್ನೇ ಹಾಕಬೇಡಿ.

ಇಂತಿ,
ನೆಟ್‌ವರ್ಕ್ ನಿರ್ವಹಣೆಯ ಕೆಲಸದಲ್ಲಿರುವ ಒಬ್ಬ ಓದುಗ